'ಸೀಜ್' ಎಂಬ ಇಂಗ್ಲಿಷ್ ಕ್ರಿಯಾಪದ: ಅರ್ಥ, ಬಳಕೆ ಮತ್ತು ವೈದ್ಯರ ಕೋಣೆಯಲ್ಲಿ ಅದರ ಪಾಡು

(ಕನ್ನಡ ಕೂಟದ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಬರಹರೂಪ)



ಔಷಧ ಬರೆದುಕೊಡುವ ವೈದ್ಯನು ಶಬ್ದಾರ್ಥಗಳನ್ನು ಕುರಿತು ಉಪನ್ಯಾಸ ಮಾಡಲು ನಿಲ್ಲುವುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ರೋಗನಿರ್ಣಯದ ಬಹುಪಾಲು ನಿಂತಿರುವುದು ರೋಗಿಯ ಬಾಯಿಂದ ಬರುವ ಮಾತಿನ ಮೇಲೆ. ಆ ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಜಾರಿದರೆ ಚಿಕಿತ್ಸೆಯೂ ಜಾರುತ್ತದೆ. ಅಮೆರಿಕಕ್ಕೆ ಮಕ್ಕಳನ್ನು ನೋಡಲು ಬರುವ ನಮ್ಮ ಹಿರಿಯರ ವಿಷಯದಲ್ಲಿ ಹೀಗೆ ಪದೇ ಪದೇ ಜಾರುವ ಪದವೊಂದನ್ನು ಇಂದು ಎತ್ತಿಕೊಂಡಿದ್ದೇನೆ. ಅದು 'ಸೀಜ್' ಎಂಬ ಕ್ರಿಯಾಪದ, ಮತ್ತು ಅದರಿಂದ ಹುಟ್ಟಿದ 'ಸೀಜರ್' ಎಂಬ ನಾಮಪದ.

ಹಾಸನದ ಕಡೆಯ ಹಿರಿಯ ತಾಯಿಯೊಬ್ಬರನ್ನು ನರ್ಸ್ ಒಮ್ಮೆ ವಾಡಿಕೆಯ ಪ್ರಶ್ನೆಗಳ ನಡುವೆ, ನಿಮಗೆ ಎಂದಾದರೂ ಸೀಜರ್ ಆಗಿತ್ತೇ ಎಂದು ಕೇಳಿದರು. ತಾಯಿಯವರು ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, ಆಗಿದೆ, ಎರಡು ಸಲ, ಎಂದು ಎರಡು ಬೆರಳು ತೋರಿಸಿದರು. ನರ್ಸ್ ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ನಾನು ಕನ್ನಡದಲ್ಲಿ ವಿಚಾರಿಸಿದಾಗ, "ಹೌದು ಡಾಕ್ಟ್ರೇ, ದೊಡ್ಡವನು ಹುಟ್ಟಿದಾಗ ಒಂದು, ಚಿಕ್ಕವಳು ಹುಟ್ಟಿದಾಗ ಇನ್ನೊಂದು" ಎಂದರು. ಅವರ ಕಿವಿಗೆ ಬಿದ್ದದ್ದು 'ಸಿಜೇರಿಯನ್'. ಇದು ನಗುವ ಸಂಗತಿ, ನಾವೆಲ್ಲರೂ ನಕ್ಕೆವು ಕೂಡ. ಎಲ್ಲ ತಪ್ಪು ಗ್ರಹಿಕೆಗಳೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. ಅದನ್ನು ವಿವರಿಸುವ ಮೊದಲು ಈ ಕ್ರಿಯಾಪದದ ಕುಲಗೋತ್ರಗಳನ್ನು ಸ್ವಲ್ಪ ನೋಡೋಣ.

'ಸೀಜ್' ಎಂದರೆ ತಟಕ್ಕನೆ, ಬಲದಿಂದ ಹಿಡಿದುಕೊಳ್ಳುವುದು ಎಂದು ನಿಘಂಟುಗಳೆಲ್ಲ ಹೇಳುತ್ತವೆ. ಹುಟ್ಟಿದಾಗ ಈ ಪದದಲ್ಲಿ ಆತುರವೂ ಇರಲಿಲ್ಲ, ಬಲಾತ್ಕಾರವೂ ಇರಲಿಲ್ಲವೆಂಬುದು ಸೋಜಿಗದ ಮಾತು. ಹಳೆಯ ಫ್ರೆಂಚಿನಿಂದ ೧೩೦೦ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಇದು ಜಮೀನಿನ ಕಾನೂನಿನ ಮಾತಾಗಿತ್ತು. ಒಬ್ಬನನ್ನು ಒಂದು ಭೂಮಿಯ ಸ್ವಾಧೀನದಲ್ಲಿ ಇರಿಸುವುದು ಎಂಬುದು ಅದರ ಅರ್ಥ. ಅಂದರೆ ಕಿತ್ತುಕೊಳ್ಳುವುದಲ್ಲ, ಕೊಡುವುದು! ಹಾಗೆ ದೊರೆತ ಸ್ವಾಧೀನಕ್ಕೆ 'ಸೀಸಿನ್' ಎಂದು ಹೆಸರು. ಕೊಡುವವನೂ ಕೊಳ್ಳುವವನೂ ಆ ನೆಲದ ಮೇಲೆಯೇ ನಿಂತು, ಸಾಕ್ಷಿಗಳ ಎದುರಿಗೆ, ಒಂದು ಹೆಂಟೆ ಮಣ್ಣನ್ನೋ ಒಂದು ರೆಂಬೆಯನ್ನೋ ಕೈಯಿಂದ ಕೈಗೆ ದಾಟಿಸಿದರೆ ಭೂಮಿ ದಾಟಿದಂತೆ. ನಮ್ಮ ಶಾಸನಗಳಲ್ಲಿ 'ಧಾರಾಪೂರ್ವಕ'ವಾಗಿ ಭೂದಾನ ಮಾಡಿದ ಪ್ರಸ್ತಾಪ ಬರುತ್ತದಲ್ಲ, ಕೈಯ ಮೇಲೆ ನೀರೆರೆದು ಕೊಡುವ ಆ ಕ್ರಮಕ್ಕೆ ಇದನ್ನು ಹೋಲಿಸಬಹುದು. ಅಲ್ಲಿ ನೀರು, ಇಲ್ಲಿ ಮಣ್ಣು.

ಭೂಮಿಯ ಒಡೆಯನು ಪ್ರಜೆಗೆ ಕೊಟ್ಟದ್ದನ್ನು ಹಿಂದಕ್ಕೂ ತೆಗೆದುಕೊಳ್ಳಬಲ್ಲನಷ್ಟೆ. ಕಾಲಕ್ರಮದಲ್ಲಿ ಕೊಡುವ ಅರ್ಥ ಹಿಂದೆ ಸರಿದು, ತೆಗೆದುಕೊಳ್ಳುವ ಅರ್ಥ ಮುಂದೆ ಬಂತು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ನ್ಯಾಯಾಲಯವೊಂದು ಒಂದು ಮೊಕದ್ದಮೆಯನ್ನು ವಿಚಾರಣೆಗೆ ಎತ್ತಿಕೊಂಡಿದೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ 'ಸೀಜ್ಡ್ ಆಫ್' ಎಂಬ ಪ್ರಯೋಗವುಂಟು. ನಮ್ಮ ದೇಶದ ವಕೀಲರಿಗೂ ಇದು ಚಿರಪರಿಚಿತ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯಗಳು ಸಾಮಾನ್ಯವಾಗಿ ಇದೇ ಮಾತಿನಿಂದ ಮುಗಿಯುತ್ತವೆ. ಈ ವಿಷಯ ಇನ್ನೂ ನಮ್ಮ ಕೈಯಲ್ಲಿದೆ, ನಾವು ಬಿಟ್ಟಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಓದಿದವರಿಗೆ ಮಂಡಳಿಯು ಏನನ್ನೋ ಜಪ್ತಿ ಮಾಡಿದೆಯೆಂದು ಭ್ರಾಂತಿಯಾಗುವುದು ಸಹಜ.

ಜಪ್ತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ವಿಮಾನನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ಯಾರದೋ ಚಿನ್ನವನ್ನು 'ಸೀಜ್' ಮಾಡಿದರೆಂದು ಸುದ್ದಿ ಬಂದಾಗ, ಆ ಚಿನ್ನ ಸರ್ಕಾರದ್ದೇ ಆಗಿಹೋಯಿತೆಂದು ನಮ್ಮವರು ತಿಳಿಯುತ್ತಾರೆ. ಹಾಗಲ್ಲ. ಭಾರತದ ೧೯೬೨ರ ಕಸ್ಟಮ್ಸ್ ಅಧಿನಿಯಮದಲ್ಲಿಯೇ ಇವು ಎರಡು ಬೇರೆ ಹೆಜ್ಜೆಗಳು. ವಸ್ತುವನ್ನು ವಶಕ್ಕೆ ತೆಗೆದುಕೊಂಡು ಇರಿಸಿಕೊಳ್ಳುವುದು ಮೊದಲನೆಯದು, ಅದು ಸೀಜರ್. ನೋಟಿಸು ಕೊಟ್ಟು, ಸಮಜಾಯಿಷಿ ಕೇಳಿ, ಅನಂತರ ಒಡೆತನವನ್ನೇ ತೆಗೆದುಹಾಕುವುದು ಎರಡನೆಯದು. ಅದಕ್ಕೆ ಇಂಗ್ಲಿಷಿನಲ್ಲಿ 'ಕಾನ್‌ಫಿಸ್ಕೇಷನ್' ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ವಶ, ಜಪ್ತಿ, ಮುಟ್ಟುಗೋಲು ಎಂಬ ಮೂರು ಮಾತುಗಳನ್ನೂ ಕಲಸಿ ಬಳಸುತ್ತವೆ. ನನ್ನ ಅಭಿಪ್ರಾಯದಲ್ಲಿ ಸೀಜರ್ ಎಂಬುದಕ್ಕೆ 'ವಶಪಡಿಸಿಕೊಳ್ಳುವುದು' ಎಂಬುದೇ ಒಪ್ಪುವ ಮಾತು.

ಅಮೆರಿಕದ ಸಂವಿಧಾನದಲ್ಲಿಯೂ ಈ ಪದಕ್ಕೆ ದೊಡ್ಡ ಸ್ಥಾನವುಂಟು. ೧೭೯೧ರಲ್ಲಿ ಜಾರಿಗೆ ಬಂದ ನಾಲ್ಕನೆಯ ತಿದ್ದುಪಡಿಯು ಪ್ರಜೆಯ ದೇಹ, ಮನೆ, ಕಾಗದಪತ್ರ, ಸಾಮಗ್ರಿಗಳನ್ನು ಸಕಾರಣವಿಲ್ಲದ ಶೋಧನೆ ಮತ್ತು ಸೀಜರುಗಳಿಂದ ರಕ್ಷಿಸುತ್ತದೆ. ಮನುಷ್ಯನನ್ನೇ 'ಸೀಜ್' ಮಾಡುವುದೆಂದರೆ ಏನು? ಅವನು ಕೈಗೆ ಸಿಕ್ಕಿದರೆ ಮಾತ್ರವೇ, ಅಥವಾ ಮುಟ್ಟಿದರೂ ಸಾಕೇ? ೨೦೧೪ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಪೊಲೀಸರು ಕಾರಿನಲ್ಲಿದ್ದ ಮಹಿಳೆಯೊಬ್ಬಳ ಮೇಲೆ ಗುಂಡು ಹಾರಿಸಿದರು. ಎರಡು ಗುಂಡು ಬೆನ್ನಿಗೆ ತಗುಲಿದವು. ಆದರೂ ಆಕೆ ಕಾರು ಓಡಿಸಿಕೊಂಡು ತಪ್ಪಿಸಿಕೊಂಡಳು. ಸಿಕ್ಕದವಳನ್ನು ಸೀಜ್ ಮಾಡಿದಂತಾಯಿತೇ ಎಂಬ ಪ್ರಶ್ನೆ 'ಟಾರೆಸ್ ವಿರುದ್ಧ ಮ್ಯಾಡ್ರಿಡ್' ಎಂಬ ಮೊಕದ್ದಮೆಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೨೧ರಲ್ಲಿ ಐದು ಮಂದಿ ನ್ಯಾಯಾಧೀಶರು ಆಯಿತೆಂದೂ ಮೂವರು ಇಲ್ಲವೆಂದೂ ತೀರ್ಪಿತ್ತರು. ತಡೆದು ನಿಲ್ಲಿಸುವ ಉದ್ದೇಶದಿಂದ ದೇಹದ ಮೇಲೆ ಬಲಪ್ರಯೋಗವಾದರೆ ಸಾಕು, ಅದು ಸೀಜರ್ ಎಂಬುದು ಬಹುಮತದ ವಾದ. ಅವರು ಆಧಾರಕ್ಕೆ ತೆಗೆದುಕೊಂಡವುಗಳಲ್ಲಿ ೧೬೦೫ರ ಒಂದು ಇಂಗ್ಲಿಷ್ ಪ್ರಕರಣವೂ ಇತ್ತು; ಸಾಲಕ್ಕಾಗಿ ರಟ್ಲೆಂಡಿನ ಕೌಂಟೆಸ್ ಒಬ್ಬಳ ಮೈಗೆ ಅಧಿಕಾರಿಗಳು ದಂಡವನ್ನು ತಾಗಿಸಿ ಆಕೆಯನ್ನು ಬಂಧಿಸಿದ ಪ್ರಸಂಗ ಅದು. ಭಿನ್ನಮತದವರು ಪದದ ಬೇರನ್ನೇ ಹಿಡಿದು, ಸೀಜರ್ ಎಂದರೆ ಸ್ವಾಧೀನ, ಸ್ವಾಧೀನವೇ ಆಗದಿದ್ದರೆ ಸೀಜರ್ ಎಲ್ಲಿ ಬಂತು ಎಂದರು. ಏಳುನೂರು ವರ್ಷಗಳ ಹಿಂದಿನ ಅರ್ಥಕ್ಕೂ ಇಂದಿನ ಅರ್ಥಕ್ಕೂ ನಡೆದ ಜಗಳವಿದು.

ಇನ್ನು ಇದರ ನೆಂಟರ ವಿಷಯ. 'ಟೇಕ್' ಎಂಬುದು ಸಾಮಾನ್ಯವಾದ ತೆಗೆದುಕೊಳ್ಳುವಿಕೆ. 'ಸ್ನ್ಯಾಚ್' ಎಂಬುದರಲ್ಲಿ ವೇಗ ಮುಖ್ಯ, ಕಸಿದುಕೊಳ್ಳುವುದು, ಕಿತ್ತುಕೊಳ್ಳುವುದು. 'ಗ್ರ್ಯಾಬ್' ಎಂಬುದರಲ್ಲಿ ಒರಟುತನವೂ ಆಸೆಬುರುಕತನವೂ ಸೇರಿವೆ. ಜಮೀನನ್ನು 'ಗ್ರ್ಯಾಬ್' ಮಾಡುವವರನ್ನು ಕನ್ನಡ ಇನ್ನೂ ಚೆನ್ನಾಗಿ ಬಣ್ಣಿಸುತ್ತದೆ: ಭೂಕಬಳಿಕೆ. ಇಂಗ್ಲಿಷಿನವನು ಕೈಯಿಂದ ಬಾಚುತ್ತಾನೆ, ನಮ್ಮವನು ಕಬಳ ಮಾಡಿ ನುಂಗಿಬಿಡುತ್ತಾನೆ! ೨೦೧೧ರ ಕರ್ನಾಟಕದ ಕಾನೂನಿನ ಹೆಸರಿನಲ್ಲಿಯೇ ಈ ಮಾತು ಸೇರಿಕೊಂಡಿದೆ. 'ಸೀಜ್' ಎಂಬುದಕ್ಕೆ ಇವೆಲ್ಲಕ್ಕಿಂತ ಗಾಂಭೀರ್ಯ ಹೆಚ್ಚು. ಅಧಿಕಾರವನ್ನು, ರಾಜ್ಯವನ್ನು, ಅವಕಾಶವನ್ನು 'ಸೀಜ್' ಮಾಡುತ್ತಾರೆಯೇ ಹೊರತು ತಟ್ಟೆಯಲ್ಲಿಯ ಬೋಂಡವನ್ನಲ್ಲ.

ಅವಕಾಶ ಎಂದೊಡನೆ 'ಸೀಜ್ ದ ಡೇ' ಎಂಬ ಮಾತು ನೆನಪಾಗುತ್ತದೆ. ಸಾಲ್ ಬೆಲ್ಲೋ ೧೯೫೬ರಲ್ಲಿ ಬರೆದ ಕಿರುಕಾದಂಬರಿಗೆ ಇದೇ ಹೆಸರು; ೧೯೮೯ರ 'ಡೆಡ್ ಪೊಯೆಟ್ಸ್ ಸೊಸೈಟಿ' ಚಲನಚಿತ್ರದಿಂದ ಮಕ್ಕಳ ಬಾಯಿಗೂ ಬಂತು. ಮೂಲದಲ್ಲಿ ರೋಮನ್ ಕವಿ ಹೊರೇಸನು ಬಳಸಿದ ಲ್ಯಾಟಿನ್ ಕ್ರಿಯಾಪದಕ್ಕೆ ಹಣ್ಣನ್ನೋ ಹೂವನ್ನೋ ಕೀಳುವುದು, ಬಿಡಿಸುವುದು ಎಂಬ ಅರ್ಥ. ಮಾಗಿದ್ದನ್ನು ಬಿಡಿಸಿಕೊಳ್ಳುವವನಿಗೆ ಬಲ ಬೇಡ, ಹೊತ್ತು ತಿಳಿದಿರಬೇಕು. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ರೈತರ ಗಾದೆ ಹೊರೇಸನಿಗೆ 'ಸೀಜ್' ಎಂಬುದಕ್ಕಿಂತ ಹತ್ತಿರವೆಂದು ನನಗೆ ತೋರುತ್ತದೆ.

ಯಂತ್ರಗಳ ಲೋಕದಲ್ಲಿ ಈ ಕ್ರಿಯಾಪದ ಬೇರೆಯೇ ದಾರಿ ಹಿಡಿಯಿತು. ಎಣ್ಣೆ ಬತ್ತಿ, ಬಿಸಿಯಿಂದ ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡರೆ ಎಂಜಿನ್ 'ಸೀಜ್' ಆಯಿತೆನ್ನುತ್ತಾರೆ. ಈ ಅರ್ಥವಂತೂ ನಮ್ಮೂರ ಗ್ಯಾರೇಜಿನ ಹುಡುಗರಿಗೂ ಗೊತ್ತು. ಕರಗಿಸಿದ ಚಾಕೊಲೇಟಿಗೆ ನಾಲ್ಕು ಹನಿ ನೀರು ಬಿದ್ದು ಗಟ್ಟಿಯಾದರೂ ಇದೇ ಮಾತು. ವಯಸ್ಸಾದ ಅಮೆರಿಕನ್ನರು ತಮ್ಮ ಬೆನ್ನು 'ಸೀಜ್ ಅಪ್' ಆಗಿದೆಯೆಂದು ಬಂದಾಗ ನನಗೆ ನಮ್ಮ ಅಜ್ಜಿಯಂದಿರ ಮಾತು ಕೇಳಿದಂತೆಯೇ ಆಗುತ್ತದೆ: "ಸೊಂಟ ಹಿಡ್ಕೊಂಡುಬಿಟ್ಟಿದೆ ಕಣಪ್ಪ." ಪದಕ್ಕೆ ಪದ ಸರಿಹೊಂದುವ ಇಂಥ ಜೋಡಿಗಳು ಅಪರೂಪ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ವೈದ್ಯಕೀಯದಲ್ಲಿ ಸೀಜರ್ ಎಂದರೆ ಮೆದುಳಿನ ನರಕೋಶಗಳು ಹತೋಟಿ ಮೀರಿ, ಒಟ್ಟೊಟ್ಟಿಗೆ ವಿದ್ಯುತ್ತನ್ನು ಹರಿಸಿದಾಗ ಸ್ವಲ್ಪ ಹೊತ್ತು ತೋರುವ ವಿಕಾರ. (ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಇದೇ ಪದ ಪಾರ್ಶ್ವವಾಯುವಿಗೂ ಸಲ್ಲುತ್ತಿತ್ತು, ಓದುವಾಗ ಎಚ್ಚರವಿರಲಿ.) ಇಲ್ಲೊಂದು ವೈಚಿತ್ರ್ಯವಿದೆ. ಎಂಜಿನ್ ಸೀಜ್ ಆದರೆ ಅಲುಗಾಡದೆ ನಿಲ್ಲುತ್ತದೆ; ಮನುಷ್ಯನಿಗೆ ಸೀಜರ್ ಆದರೆ ಅವನು ಬಹಳ ಸಲ ಅದುರುತ್ತಾನೆ. ಪದ ಒಂದೇ, ನೋಟ ವಿರುದ್ಧ. ಏಕೆಂದರೆ ಇಲ್ಲಿ 'ಸೀಜ್' ಮಾಡುವವನು ರೋಗಿಯಲ್ಲ. ರೋಗಿಯನ್ನು ಬೇರೆ ಯಾವುದೋ ಹಿಡಿದುಕೊಂಡಿತೆಂಬ ಭಾವನೆ ಈ ಪದದೊಳಗೆ ಕುಳಿತಿದೆ.

ಆ ಭಾವನೆ ಇಂಗ್ಲಿಷರದ್ದೇ ಅಲ್ಲ. 'ಎಪಿಲೆಪ್ಸಿ' ಎಂಬ ಗ್ರೀಕ್ ಮೂಲದ ಹೆಸರೂ ಮೇಲೆ ಬಿದ್ದು ಹಿಡಿಯುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. (ಅಕ್ಷರಗಳನ್ನು ಒಟ್ಟಿಗೆ ಹಿಡಿದದ್ದು ಎಂಬರ್ಥದ 'ಸಿಲಬಲ್' ಕೂಡ ಅದೇ ಧಾತುವಿನ ಕೂಸು.) ಹಿಡಿಯುವವರು ಯಾರು? ದೇವತೆಗಳು. ಆದಕಾರಣ ಗ್ರೀಕರು ಇದನ್ನು ಪವಿತ್ರ ರೋಗವೆಂದರು. ಕ್ರಿಸ್ತಪೂರ್ವ ೪೦೦ರ ಸುಮಾರಿನಲ್ಲಿ, ಹಿಪಾಕ್ರಟೀಸನ ಪರಂಪರೆಯ ಒಂದು ಗ್ರಂಥವು, ಉಳಿದ ರೋಗಗಳಿಗಿಂತ ಇದರಲ್ಲಿ ಹೆಚ್ಚಿನ ಪಾವಿತ್ರ್ಯವೇನೂ ಇಲ್ಲ, ಇದರ ನೆಲೆ ಮೆದುಳು ಎಂದು ವಾದಿಸಿತು. ಆದರೂ ಹೆಸರು ಬದಲಾಗಲಿಲ್ಲ.

ನಮ್ಮ ಕಡೆಗೆ ಬಂದರೆ, ಸಂಸ್ಕೃತದ 'ಗ್ರಹ್' ಧಾತು. ಹಳೆಯ ವೇದದ ರೂಪದಲ್ಲಿ ಅದು 'ಗೃಭ್'. ಇಂಗ್ಲಿಷಿನ 'ಗ್ರ್ಯಾಬ್' ಇದರ ದೂರದ ಸೋದರನೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಿಡಿಯುವುದು ಗ್ರಹ, ಸೂರ್ಯಚಂದ್ರರನ್ನು ರಾಹುಕೇತುಗಳು ಹಿಡಿದರೆ ಗ್ರಹಣ, ವಧುವಿನ ಕೈ ಹಿಡಿದರೆ ಪಾಣಿಗ್ರಹಣ, ಸತ್ಯವನ್ನು ಬಿಡದೆ ಹಿಡಿದರೆ ಸತ್ಯಾಗ್ರಹ, ಮಾತಿನ ಅರ್ಥವನ್ನು ಹಿಡಿದರೆ ಗ್ರಹಿಕೆ. ಎಳೆಯ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಸುಶ್ರುತ ಸಂಹಿತೆ ಹೆಸರಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಸ್ಕಂದಾಪಸ್ಮಾರ. ಜ್ವರ ಏರಿದಾಗ ಮಗುವಿಗೆ ಬರುವ ಸೆಳೆತವನ್ನು ಹಳ್ಳಿಯಲ್ಲಿ ಬಾಲಗ್ರಹವೆಂದದ್ದು ಈ ಪರಂಪರೆಯಿಂದ. 'ಗ್ರಹ'ದ ತದ್ಭವ 'ಗರ'. ದಿಕ್ಕು ತೋಚದೆ ನಿಂತವನನ್ನು ಗರ ಬಡಿದವನಂತೆ ನಿಂತಿದ್ದಾನೆ ಎನ್ನುತ್ತೇವೆ, ಗ್ರಹದ ನೆನಪೇ ಇಲ್ಲದೆ.

ಇನ್ನು ಅಚ್ಚಗನ್ನಡದ 'ಹಿಡಿ'. ಇದರ ಬಳಕೆಯ ವ್ಯಾಪ್ತಿಯನ್ನು ನೋಡಿದರೆ ಬೆರಗಾಗುತ್ತದೆ. ಕಳ್ಳನನ್ನು ಹಿಡಿಯುತ್ತೇವೆ, ಮೀನನ್ನು ಹಿಡಿಯುತ್ತೇವೆ. ಹಟ ಹಿಡಿಯುತ್ತೇವೆ. ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಇಷ್ಟವಾದದ್ದು ಹಿಡಿಸುತ್ತದೆ. ಆದರೆ ಕೇಡಿನ ಮಾತು ಬಂದಾಗ ವಾಕ್ಯವೇ ತಿರುಗಿ ನಿಲ್ಲುತ್ತದೆ: ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಚಂದ್ರನಿಗೆ ಗ್ರಹಣ ಹಿಡಿಯಿತು, ಅವನಿಗೆ ಹುಚ್ಚು ಹಿಡಿಯಿತು, ಆಕೆಗೆ ದೆವ್ವ ಹಿಡಿಯಿತು. ಇಲ್ಲಿ ಮನುಷ್ಯ ಕರ್ತೃವಲ್ಲ. ಹಿಡಿಯುವುದು ಇನ್ನೊಂದು, ಸಿಕ್ಕಿಬೀಳುವವನು ಇವನು. ಒಂದು ತಮಾಷೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷಿನ 'ಫಿಟ್ಸ್' ನಮ್ಮ ಹಳ್ಳಿಗಳಲ್ಲಿ 'ಪಿಡ್ಸು' ಆಗಿದೆ. 'ಹಿಡಿ'ಯ ಹಳಗನ್ನಡ ರೂಪ 'ಪಿಡಿ'. ಕೇವಲ ಕಾಕತಾಳೀಯ, ಆದರೂ ಕೇಳುವವನಿಗೆ ಪಿಡಿದದ್ದರಿಂದಲೇ ಪಿಡ್ಸು ಬಂದಂತೆ ತೋರುವುದುಂಟು.

ಇವೆಲ್ಲದರ ನಡುವೆ ಒಂದೇ ಒಂದು ಹೆಸರು ಬೇರೆ ದಿಕ್ಕಿನಲ್ಲಿ ನೋಡುತ್ತದೆ. ಅದು 'ಅಪಸ್ಮಾರ'. ಚರಕ ಸಂಹಿತೆಯು ಇದನ್ನು ಸ್ಮೃತಿಯು ದೂರವಾಗುವುದೆಂದು ವಿವರಿಸುತ್ತದೆ. ಹೊರಗಿನಿಂದ ಏನು ಬಂದು ಹಿಡಿಯಿತೆಂದು ಈ ಪದ ಕೇಳುವುದಿಲ್ಲ. ಒಳಗೆ ಏನು ತಪ್ಪಿಹೋಯಿತೆಂದು ಹೇಳುತ್ತದೆ. ನಟರಾಜನ ಪಾದದಡಿಯ ಕುಬ್ಜನಿಗೂ ಅಪಸ್ಮಾರನೆಂದೇ ಹೆಸರು. ೧೮೭೦ರ ದಶಕದಲ್ಲಿ ಲಂಡನ್ನಿನ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ನರರೋಗತಜ್ಞನು ಸೀಜರ್ ಎಂದರೆ ಮೆದುಳಿನ ಬೂದು ಭಾಗದಲ್ಲಿ ಹಠಾತ್ತಾಗಿ, ಮಿತಿಮೀರಿ ಆಗುವ ವಿಸರ್ಜನೆ ಎಂದು ಪ್ರತಿಪಾದಿಸಿದನು. ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯನು ತಲೆಯ ಹೊರಗಿನಿಂದಲೇ ಮೆದುಳಿನ ವಿದ್ಯುತ್ತನ್ನು ದಾಖಲಿಸುವ ತನ್ನ ವಿಧಾನವನ್ನು ೧೯೨೯ರಲ್ಲಿ ಪ್ರಕಟಿಸಿದ ಮೇಲೆ ಅದನ್ನು ಕಾಗದದ ಮೇಲೆ ಗೆರೆಗಳಾಗಿ ನೋಡುವಂತಾಯಿತು. ಹಿಡಿಯುವ ಕೈ ಯಾವುದೂ ಹೊರಗಿಲ್ಲವೆಂಬುದು ಇದರಿಂದ ಖಚಿತವಾಯಿತು.

ಹಾಗಿದ್ದರೂ ಪದವೊಂದು ಮನಸ್ಸಿನಲ್ಲಿ ಮಾಡುವ ಕೆಲಸವನ್ನು ಕಾಗದದ ಗೆರೆಗಳು ಅಳಿಸಲಾರವು. 'ಹಿಡಿದದ್ದು' ಎಂದಮೇಲೆ ಬಿಡಿಸುವವನು ಬೇಕು. ಮಂತ್ರವಾದಿಯ ಹತ್ತಿರ ಹೋಗುವುದು ಅದಕ್ಕೆ. 'ಹಿಡಿದದ್ದು' ಎಂದಮೇಲೆ ಅದು ಮನೆತನಕ್ಕೆ ಕಳಂಕ, ಮುಚ್ಚಿಡುವುದು ಅದಕ್ಕೆ. ಕಾನೂನೂ ಇದರಿಂದ ಹೊರತಾಗಿರಲಿಲ್ಲ. ೧೯೭೬ರ ತಿದ್ದುಪಡಿಯಿಂದ ಹಿಂದೂ ವಿವಾಹ ಅಧಿನಿಯಮದಲ್ಲಿ, ಪದೇ ಪದೇ ಬರುವ ಬುದ್ಧಿಭ್ರಮಣೆಯ ಜೊತೆಯಲ್ಲಿಯೇ ಎಪಿಲೆಪ್ಸಿಯನ್ನೂ ಸೇರಿಸಿ, ಅಂಥವರು ವಿವಾಹಕ್ಕೆ ಅನರ್ಹರೆಂದು ಬರೆಯಲಾಗಿತ್ತು. ಎಪಿಲೆಪ್ಸಿ ಎಂಬ ಆ ಮಾತನ್ನು ತೆಗೆದುಹಾಕಿದ್ದು ೧೯೯೯ರಲ್ಲಿ. ಕಾನೂನು ಹೋಗಿ ಎರಡು ದಶಕಗಳ ಮೇಲಾದರೂ ಅಂಜಿಕೆ ಹೋಗಿಲ್ಲ. ಮದುವೆಯ ಮಾತುಕತೆಯಲ್ಲಿ ವಿಷಯವನ್ನು ಮುಚ್ಚಿ, ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ಯಾರಾದರೂ ನೋಡಿಯಾರೆಂದು ಮಾತ್ರೆಯನ್ನೇ ನಿಲ್ಲಿಸಿ, ಅದರಿಂದಲೇ ಮತ್ತೆ ಸೀಜರ್ ಬಂದ ಹೆಣ್ಣುಮಕ್ಕಳನ್ನು ಈ ದೇಶದಲ್ಲಿಯೂ ಕಂಡಿದ್ದೇನೆ. ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸುವುದು ಪ್ರಾಣಾಪಾಯದ ಕೆಲಸ. ಸರಿಯಾಗಿ ತೆಗೆದುಕೊಂಡರೆ ಸುಮಾರು ನೂರಕ್ಕೆ ಎಪ್ಪತ್ತು ಮಂದಿ ಸೀಜರ್ ಇಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಸೂರು ಸೀಮೆಯ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು, ಫೀನೋಬಾರ್ಬಿಟಾಲ್ ಅಥವಾ ಫೆನಿಟೋಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅಧ್ಯಯನ ೨೦೦೧ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಈಗ ಭಾಷಾಂತರದ ತೊಡಕಿಗೆ ಬರೋಣ. ನನ್ನ ಉಪನ್ಯಾಸದ ಮುಖ್ಯ ಭಾಗ ಇದು. ಸೀಜರ್ ಎಂಬುದಕ್ಕೆ ನಾವು ಸಾಮಾನ್ಯವಾಗಿ ಹೇಳುವ ಕನ್ನಡ ಪದ 'ಮೂರ್ಛೆ'. ಆದರೆ ಮೂರ್ಛೆ ಎಂದರೆ ಎಚ್ಚರ ತಪ್ಪುವುದು ಎಂದಷ್ಟೇ ಅರ್ಥ. ಮೂರ್ಛೆ ರೋಗವೆಂದರೆ ಅಪಸ್ಮಾರ. ಮೂರ್ಛೆ ಹೋದರು ಎಂದರೆ ಬರಿಯ ಪ್ರಜ್ಞೆ ತಪ್ಪಿ ಬಿದ್ದದ್ದೂ ಆಗಬಹುದು. ತಂದೆಯವರು ಸ್ನಾನದ ಮನೆಯಲ್ಲಿ ಮೂರ್ಛೆ ಹೋದರು ಎಂದು ತಾಯಿ ಮಗನಿಗೆ ಹೇಳುತ್ತಾರೆ. ಮಗ ವೈದ್ಯರ ಎದುರಿಗೆ ಅದನ್ನು 'ಸೀಜರ್' ಎಂದು ಅನುವಾದಿಸುತ್ತಾನೆ. ಅಲ್ಲಿಂದ ಎಲ್ಲವೂ ಆ ಒಂದು ಪದದ ಬೆನ್ನು ಹತ್ತುತ್ತದೆ. ಮೆದುಳಿನ ಸ್ಕ್ಯಾನು, ಸೀಜರ್ ತಡೆಯುವ ಮಾತ್ರೆ, ಕಾರು ಓಡಿಸುವುದಕ್ಕೆ ರಾಜ್ಯದ ಕಾನೂನಿನಂತೆ ಕೆಲವು ತಿಂಗಳುಗಳ ನಿಷೇಧ. ಆ ಹಿರಿಯರಿಗೆ ನಿಜವಾಗಿ ಆದದ್ದು ಹೃದಯದ ಬಡಿತ ಕೆಲವು ಕ್ಷಣ ನಿಂತದ್ದಾಗಿದ್ದರೆ? ಅವರಿಗೆ ಬೇಕಾದದ್ದು ಪೇಸ್‌ಮೇಕರ್. ಅದು ಸಿಗದೆ ಮನೆಗೆ ಹೋದರೆ ಮುಂದಿನ ಸಲ ಏಳದಿರಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ನಿಜವಾದ ಸೀಜರನ್ನು ಕಳಂಕದ ಅಂಜಿಕೆಯಿಂದ 'ಸ್ವಲ್ಪ ತಲೆ ಸುತ್ತಿತು' ಎಂದು ತೇಲಿಸಿ ಹೇಳುವುದು.

ಆದ್ದರಿಂದ ಎಲ್ಲರಲ್ಲಿಯೂ ನನ್ನ ವಿನಂತಿಯೆಂದರೆ, ತಂದೆತಾಯಿಗಳ ಪರವಾಗಿ ಮಾತನಾಡುವಾಗ ರೋಗದ ಹೆಸರನ್ನು ಅನುವಾದಿಸಬೇಡಿ, ಕಂಡದ್ದನ್ನು ಅನುವಾದಿಸಿ. ನಿಂತಿದ್ದರೇ, ಕುಳಿತಿದ್ದರೇ, ಮಲಗಿದ್ದರೇ? ಮೊದಲು ಕಣ್ಣು ಕತ್ತಲಿಟ್ಟು, ಬೆವರಿ, ಮುಖ ಬಿಳಿಚಿಕೊಂಡು ಕುಸಿದರೇ? ಹಾಗಾಗಿ, ನೆಲಕ್ಕೆ ಬಿದ್ದ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು ಮಾತನಾಡಿದರೆ ಅದು ರಕ್ತದ ಒತ್ತಡ ಕುಸಿದು ಪ್ರಜ್ಞೆ ತಪ್ಪಿದ್ದಾಗಿರುವ ಸಂಭವ ಹೆಚ್ಚು. ಅದರಲ್ಲಿಯೂ ಕೈಕಾಲು ಒಂದೆರಡು ಸಲ ಅದುರುವುದುಂಟು, ಅದರಿಂದ ಮೋಸಹೋಗಬಾರದು. ಯಾವ ಸೂಚನೆಯೂ ಇಲ್ಲದೆ ಕಡಿದ ಮರದಂತೆ ಬಿದ್ದು ಬೇಗ ಎದ್ದರೆ, ಅದೂ ವಯಸ್ಸಾದವರಲ್ಲಿ, ಹೃದಯವನ್ನು ಮೊದಲು ಅನುಮಾನಿಸಬೇಕು. ಮೈ ಸೆಟೆದು, ಮುಖ ನೀಲಿಗಟ್ಟಿ, ಒಂದೆರಡು ನಿಮಿಷ ಕೈಕಾಲು ಬಡಿದು, ನಾಲಗೆಯ ಪಕ್ಕ ಕಚ್ಚಿಕೊಂಡು, ಆಮೇಲೆ ಬಹಳ ಹೊತ್ತು ಮಂಕಾಗಿದ್ದು ಮನೆಯವರ ಗುರುತೂ ಹತ್ತದಿದ್ದರೆ ಅದು ಸೀಜರ್ ಇರಬಹುದು. ಎಲ್ಲ ಸೀಜರಿನಲ್ಲಿಯೂ ಬೀಳುವುದಿಲ್ಲ. ಮಾತನಾಡುತ್ತಿದ್ದವರು ತಟಕ್ಕನೆ ನಿಲ್ಲಿಸಿ, ಶೂನ್ಯವನ್ನು ದಿಟ್ಟಿಸಿ, ತುಟಿ ಚಪ್ಪರಿಸುತ್ತಾ, ಸೆರಗನ್ನೋ ಅಂಗಿಯ ಗುಂಡಿಯನ್ನೋ ಹಿಸುಕುತ್ತಾ ಒಂದು ನಿಮಿಷ ಕುಳಿತಿರುವುದೂ ಒಂದು ಬಗೆಯ ಸೀಜರ್. ಇದನ್ನು ಮನೆಯವರು ವಯಸ್ಸಿನ ಮರೆವೆಂದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಜೇಬಿನಲ್ಲಿರುವ ಫೋನಿನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದುಕೊಂಡು ಬಂದರೆ ನಿಮ್ಮ ಅನುವಾದಕ್ಕಿಂತ ಅದು ಮೇಲು.

ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗಲೇ ಸೀಜರ್ ಬರುವ ಒಂದು ವಿಶೇಷ ಬಗೆಯುಂಟು. ಇದು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಇಲ್ಲಿಯ ವೈದ್ಯರಿಗೆ ಇದರ ಪರಿಚಯ ಕಡಿಮೆ. ಹಂಡೆಯ ನೀರನ್ನು ತಂಬಿಗೆಯಿಂದ ತಲೆಗೆ ಹೊಯ್ದುಕೊಳ್ಳುವ ಅಭ್ಯಾಸದವರಿಗೆ ಸ್ನಾನದಲ್ಲಿಯೇ ಹೀಗಾಗುತ್ತಿದ್ದರೆ ಅದನ್ನು ಬಿಡಿಸಿ ಹೇಳಿ. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಮಂದಿಗೆ ಇದು ತಗ್ಗುತ್ತದೆ.

ಕೊನೆಯದಾಗಿ, ಎದುರಿಗೇ ಒಬ್ಬರಿಗೆ ಸೀಜರ್ ಬಂದರೆ ಮಾಡಬೇಕಾದದ್ದು. ರೋಗ ಹಿಡಿದುಕೊಂಡಿತೆಂಬ ಭಾವನೆಯಿಂದಲೋ ಏನೋ, ಸುತ್ತಲಿನವರು ಮೊದಲು ಮಾಡುವ ಕೆಲಸ ರೋಗಿಯನ್ನು ಹಿಡಿಯುವುದು. ಇಬ್ಬರು ಕೈ, ಇಬ್ಬರು ಕಾಲು ಅದುಮಿ ಕೂರುತ್ತಾರೆ. ದಯವಿಟ್ಟು ಹಿಡಿಯಬೇಡಿ. ಅದುಮಿದರೆ ಸೀಜರ್ ನಿಲ್ಲುವುದಿಲ್ಲ. ಭುಜದ ಕೀಲು ತಪ್ಪಬಹುದು, ಮೂಳೆ ಮುರಿಯಬಹುದು. ಹಲ್ಲುಗಳ ನಡುವೆ ಚಮಚವನ್ನಾಗಲಿ ಬೆರಳನ್ನಾಗಲಿ ತುರುಕಬೇಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮಲ್ಲಿ ರೂಢಿ. ಬೀಗದ ಕೈ ಕೊಟ್ಟೊಡನೆ ನಿಂತಿತೆಂದು ಅನೇಕರು ಆಣೆ ಮಾಡಿ ಹೇಳುತ್ತಾರೆ. ಬಹುತೇಕ ಸೀಜರುಗಳು ಮೂರು ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ. ಬೀಗದ ಕೈಯನ್ನು ಹುಡುಕಿ ತರುವ ಹೊತ್ತಿಗೆ ಅದು ನಿಲ್ಲುವ ಹೊತ್ತೂ ಬಂದಿರುತ್ತದೆ.

ಹತ್ತಿರದಲ್ಲಿರುವ ಗಟ್ಟಿ, ಚೂಪು ವಸ್ತುಗಳನ್ನು ದೂರ ಸರಿಸಿ. ತಲೆಯ ಕೆಳಗೆ ಮೆತ್ತಗಿರುವ ಏನನ್ನಾದರೂ ಇಡಿ. ಕೊರಳಿನ ಬಿಗಿಯನ್ನು ಸಡಿಲಿಸಿ. ಎಂಜಲು ಗಂಟಲಿಗೆ ಇಳಿಯದಂತೆ, ಸಾಧ್ಯವಾದೊಡನೆ ಒಂದು ಮಗ್ಗುಲಿಗೆ ಮೆಲ್ಲನೆ ಹೊರಳ್ಳಿಸಿ. ಗಡಿಯಾರವನ್ನು ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಅಥವಾ ಇದು ಅವರ ಜೀವಮಾನದ ಮೊದಲನೆಯ ಸೀಜರ್ ಆಗಿದ್ದರೆ, ೯೧೧ಕ್ಕೆ ಕರೆ ಮಾಡಿ, ಊರಿನಲ್ಲಿದ್ದರೆ ೧೦೮ಕ್ಕೆ. ಪೂರ್ತಿ ಎಚ್ಚರವಾಗುವವರೆಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಎಚ್ಚರವಾದ ಮೇಲೆ ನಡೆದದ್ದೊಂದೂ ಅವರಿಗೆ ನೆನಪಿರುವುದಿಲ್ಲ. ಎಲ್ಲಿದ್ದೀರಿ, ಏನಾಯಿತು, ಎಷ್ಟು ಹೊತ್ತಾಯಿತು ಎಂಬುದನ್ನು ಅವರದೇ ಮಾತಿನಲ್ಲಿ, ಮೆಲ್ಲಗೆ ಹೇಳಿ. ಅದನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೂ ಕೊಡಿ.